ಅಲೆ ಸುಮ್ಮನಿರುವ ಜಾಗಕ್ಕೆ ಇಳಿಯಬೇಡಿ: ಚೆನ್ನೈ ಹತ್ತಿರದ ಕಡಲಲ್ಲಿ ನಮಗಾದದ್ದು

ಚೆನ್ನೈಗೆ ಬಂದ ನೆಂಟರನ್ನು ಸಮುದ್ರದಲ್ಲಿ ಆಡಿಸಲು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಮ್ಯಾಪ್ ತೆಗೆದು ಕೂತಿರುವವರು ದಯವಿಟ್ಟು ಇದನ್ನು ಓದಿ. ಸಂಕ್ರಾಂತಿ ರಜೆಯಲ್ಲಿ ನನ್ನ ಅಕ್ಕನ ಮಗ ನಮ್ಮೆಲ್ಲರ ಕಣ್ಣೆದುರಿಗೇ ನೀರುಪಾಲಾಗುತ್ತಿದ್ದ. ಉಳಿದ. ಉಳಿದದ್ದು ನಮ್ಮ ಬುದ್ಧಿವಂತಿಕೆಯಿಂದಲ್ಲ, ದಡದಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ ಒಬ್ಬ ಮೀನುಗಾರರಿಂದ. ನಾವು ಮಾಡಿದ ಒಂದೊಂದು ತಪ್ಪೂ ಆ ಹೊತ್ತಿಗೆ ಸರಿಯಾದ ತೀರ್ಮಾನದಂತೆಯೇ ಕಂಡಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ, ಭಾವ ಇರುವುದು ಅರಕಲಗೂಡಿನ ಹತ್ತಿರ. ಹುಡುಗನಿಗೆ ಈಗ ಹತ್ತೊಂಬತ್ತು. ಆರು ವರ್ಷದವನಿದ್ದಾಗಲೇ ಭಾವ ಅವನ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ಇಳಿಸಿದ್ದರು. ಹೇಮಾವತಿ ನಾಲೆಯಲ್ಲಿ ಗಂಟೆಗಟ್ಟಲೆ ಆಡುವವನು. ನೀರಿನ ವಿಷಯದಲ್ಲಿ ಅವನ ಬಗ್ಗೆ ನಮಗ್ಯಾರಿಗೂ ಭಯವಿರಲಿಲ್ಲ. ಬಾವಿ, ಕೆರೆ, ನಾಲೆಯಲ್ಲಿ ಪಳಗಿದ ಈಜು ಸಮುದ್ರದಲ್ಲಿ ಬೇರೆಯೇ ಲೆಕ್ಕ ಅನ್ನುವುದನ್ನು ಒಳನಾಡಿನ ನಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನಾನೂ ಕಣ್ಣೊರೆಸಿಕೊಂಡಿದ್ದೆ. ಆದರೂ ನಮ್ಮ ಮನೆಯ ಹುಡುಗನ ವಿಷಯ ಬಂದಾಗ ಅದು ನೆನಪಿಗೇ ಬರಲಿಲ್ಲ.

ಪೊಂಗಲ್‌ನ ಕೊನೆಯ ದಿನ ಕಾಣುಂ ಪೊಂಗಲ್. ಆವತ್ತು ಊರಿಗೆ ಊರೇ ಮರೀನಾದಲ್ಲಿ ಸೇರುತ್ತದೆ. ಯಾರೂ ನೀರಿಗಿಳಿಯದಂತೆ ಪೊಲೀಸರು ದಡದುದ್ದಕ್ಕೂ ಬೇಲಿ ಕಟ್ಟಿರುತ್ತಾರೆ. ಬೆಸೆಂಟ್ ನಗರದ ಬೀಚಿನಲ್ಲೂ ಕಾವಲು. "ಇಷ್ಟು ದೂರ ಬಂದು ಕಾಲು ನೆನೆಸದೇ ಹೋಗೋದಾ?" ಅಂದಳು ಅಕ್ಕ. ಹಾಗಾಗಿ ನಾನು ಫೋನಿನಲ್ಲಿ ಹುಡುಕಿ, ಚೆನ್ನೈನಿಂದ ದಕ್ಷಿಣಕ್ಕೆ ಕಡಲ ಪಕ್ಕದಲ್ಲೇ ಸಾಗುವ ಇಸಿಆರ್ (ಈಸ್ಟ್ ಕೋಸ್ಟ್) ರಸ್ತೆಯಲ್ಲಿ, ಊರಿನ ದಕ್ಷಿಣದ ಬಡಾವಣೆ ತಿರುವಾನ್ಮಿಯೂರಿನಿಂದ ಅರ್ಧ ಗಂಟೆಯ ದಾರಿಯಲ್ಲಿ, ದಿನದ ಬಾಡಿಗೆಗೆ ಸಿಗುವ ಒಂದು ಬೀಚ್ ಮನೆ ಹಿಡಿದೆ. ಜಾಹೀರಾತಿನಲ್ಲಿ "ಜನಸಂದಣಿ ಇಲ್ಲದ, ಮಕ್ಕಳೂ ಈಜಬಹುದಾದ ಕಡಲತೀರ" ಎಂಬ ಸಾಲಿತ್ತು. ಮನೆ ನೋಡಿಕೊಳ್ಳುವವರನ್ನು ಕೇಳಿದ್ದಕ್ಕೆ, "ಸೊಂಟದ ಮಟ್ಟಕ್ಕೇ ನೀರು ಸಾರ್, ಎಲ್ಲರೂ ಇಳೀತಾರೆ" ಅಂದರು. ಈಗ ಯೋಚಿಸಿದರೆ ಮೈ ಬೆವರುತ್ತದೆ. ಪೊಲೀಸರು ಕಾಯುತ್ತಿದ್ದ ದಡ ಬಿಟ್ಟು, ಕಾಯುವವರೇ ಇಲ್ಲದ ದಡಕ್ಕೆ ದುಡ್ಡು ಕೊಟ್ಟು ಹೋಗಿದ್ದೆವು.

ಮಧ್ಯಾಹ್ನ ಮೂರೂವರೆ ಇರಬೇಕು. ಮನೆಯ ಎದುರಿಗೆ ಅಲೆಗಳು ಜೋರಾಗಿ ಮುರಿಯುತ್ತಿದ್ದವು. ದಡವೂ ಇಳಿಜಾರು, ಎರಡು ಹೆಜ್ಜೆ ಮುಂದಿಟ್ಟರೆ ಮೊಣಕಾಲಿನ ನೀರು ತೊಡೆಗೆ ಬರುತ್ತಿತ್ತು. ಅಕ್ಕ ಹೆದರಿ, "ಅಲ್ಲಿ ಬೇಡ ಕಣೋ, ಆ ಕಡೆ ನೋಡು, ಶಾಂತವಾಗಿದೆ" ಎಂದು ಬಲಗಡೆ ಕೈ ತೋರಿಸಿದಳು. ಅಲ್ಲಿ ಹದಿನೈದಿಪ್ಪತ್ತು ಅಡಿ ಅಗಲದ ಒಂದು ಪಟ್ಟಿಯಲ್ಲಿ ಅಲೆಯೇ ಏಳುತ್ತಿರಲಿಲ್ಲ. ನೀರು ಸ್ವಲ್ಪ ಕಪ್ಪಗೆ, ಮೇಲೆ ತುಸು ನೊರೆ. ಕೆರೆಯ ಹಾಗೆ ಕಂಡಿತು. ನಾವೆಲ್ಲ ಸೇರಿ ಅವನನ್ನು ಅಲ್ಲಿಗೇ ಕಳಿಸಿದೆವು.

ಅವನು ಎದೆಮಟ್ಟದ ನೀರಿನಲ್ಲಿ ಎರಡು ಸಲ ಮುಳುಗಿ ಎದ್ದ. ಮೂರನೇ ಸಲ ಎದ್ದಾಗ ದೂರದಲ್ಲಿದ್ದ. ನನಗೆ ಮೊದಲು ಏನೂ ಅನ್ನಿಸಲಿಲ್ಲ, ಈಜಿಕೊಂಡು ಹೋದ ಅಂದುಕೊಂಡೆ. ಆಮೇಲೆ ನೋಡಿದರೆ ಅವನ ಮುಖ ನಮ್ಮ ಕಡೆಗಿದೆ, ಕೈ ಬಡಿಯುತ್ತಿದ್ದಾನೆ, ಆದರೆ ಹಿಂದಕ್ಕೆ ಹೋಗುತ್ತಿದ್ದಾನೆ. ಕೂಗಲಿಲ್ಲ. ಮುಳುಗುವವರು ಕೂಗುತ್ತಾರೆ ಅಂದುಕೊಂಡಿದ್ದೆ. ಉಸಿರು ಹಿಡಿಯುವುದೇ ಕಷ್ಟವಾಗಿರುವವನಿಗೆ ಕೂಗಲು ಉಸಿರೆಲ್ಲಿರುತ್ತದೆ? ಬಾಯಿ ನೀರಿನ ಮಟ್ಟಕ್ಕೆ ಬರುತ್ತಿತ್ತು, ಹೋಗುತ್ತಿತ್ತು, ಅಷ್ಟೆ. ಭಾವ ಮಾತ್ರ "ಅವನು ಸೋತಿದ್ದಾನೆ" ಅಂದರು.

ನಾನು ಚಪ್ಪಲಿ ಕಿತ್ತೆಸೆದು ಓಡಿದೆ. ನೀರಿಗೆ ಕಾಲಿಡುವಷ್ಟರಲ್ಲಿ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದರು. ಐವತ್ತು ದಾಟಿದ ಮೀನುಗಾರರು. ನನ್ನನ್ನು ಮರಳಿನ ಮೇಲೆ ತಳ್ಳಿ, ಹುಡುಗನ ಕಡೆ ತಿರುಗಿ "ನೀಂದಾದೆ! ನೀಂದಾದೆ!" ಎಂದು ಕೂಗಿದರು. ಈಜಬೇಡ ಅನ್ನುತ್ತಿದ್ದರು. ಹುಡುಗನಿಗೆ ತಮಿಳು ಬಾರದು. "ನಿಮ್ಮ ಭಾಷೆಯಲ್ಲಿ ಹೇಳು" ಎಂದು ನನ್ನ ಹೆಗಲು ಅಲ್ಲಾಡಿಸಿದರು. ನಾನು ಗಂಟಲು ಹರಿಯುವಂತೆ, "ಈಜಬೇಡ ಕಣೋ, ತೇಲು, ಅಂಗಾತ ಮಲಗು!" ಎಂದು ಕೂಗಿದೆ. ಕೇಳಿಸಿತೋ, ಕೈ ಸೋತಿತೋ, ಅವನು ಮುಖ ಮೇಲೆ ಮಾಡಿ ತೇಲತೊಡಗಿದ. ಅಷ್ಟರಲ್ಲಿ ಅವರು ಖಾಲಿ ಪ್ಲಾಸ್ಟಿಕ್ ಕ್ಯಾನೊಂದಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿ ಸೊಂಟಕ್ಕೆ ಸುತ್ತಿಕೊಂಡು, ಅದೇ ಶಾಂತ ಪಟ್ಟಿಯೊಳಗೆ ಇಳಿದರು. ಅವರು ಕೈ ಬಡಿದದ್ದೇ ಕಡಿಮೆ, ನೀರೇ ಅವರನ್ನು ಒಯ್ದಿತು. ಕ್ಯಾನನ್ನು ಹುಡುಗನ ತೋಳಿಗೆ ಕೊಟ್ಟು, ದಡದ ಕಡೆಗೆ ಬಾರದೆ ಪಕ್ಕಕ್ಕೆ ಸರಿಯತೊಡಗಿದರು. ಅಕ್ಕ, "ಯಾಕೆ ಈ ಕಡೆ ಬರ್ತಿಲ್ಲ" ಎಂದು ಕಿರುಚುತ್ತಿದ್ದಳು. ಸಾಕಷ್ಟು ದೂರ ಪಕ್ಕಕ್ಕೆ ಹೋದ ಮೇಲೆ, ಅಲೆ ಮುರಿಯುತ್ತಿದ್ದ ಕಡೆ ತಿರುಗಿದರು. ಯಾವ ಅಲೆಗೆ ನಾವು ಹೆದರಿದ್ದೆವೋ ಆ ಅಲೆಗಳೇ ಇಬ್ಬರನ್ನೂ ದಡಕ್ಕೆ ತಳ್ಳಿದವು.

ಉಸಿರು ಸರಿಹೋದ ಮೇಲೆ ಅವರು ಆ ಪಟ್ಟಿಯನ್ನು ತೋರಿಸಿ ಹೇಳಿದ್ದು: "ಅದು ನೀರು ವಾಪಸ್ ಹೋಗೋ ದಾರಿ. ನಾವು ದೋಣಿ ಇಳಿಸೋದೇ ಅಲ್ಲಿಂದ. ನಮ್ಮನ್ನು ಬೇಗ ಒಳಗೆ ಕೊಂಡೊಯ್ಯುತ್ತೆ."

ಈ ಒಂದು ಮಾತು ಎಲ್ಲರಿಗೂ ತಲುಪಬೇಕು. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ಹಿಂದೆ ಹೋಗಲೇಬೇಕು. ನೀರಿನಡಿಯ ಮರಳುದಿಬ್ಬದಲ್ಲಿ ಎಲ್ಲಿ ಸಂದು ಇದೆಯೋ ಅಲ್ಲಿಂದ ಅದು ಕಾಲುವೆಯಂತೆ ಹೊರಗೆ ನುಗ್ಗುತ್ತದೆ. ಇಂಗ್ಲಿಷಿನಲ್ಲಿ ಇದನ್ನೇ ರಿಪ್ ಕರೆಂಟ್ ಅನ್ನುವುದು. ಸಂದಿನಲ್ಲಿ ಆಳ ಹೆಚ್ಚು, ಆದ್ದರಿಂದ ಅಲೆ ಮುರಿಯುವುದಿಲ್ಲ. ನೀರು ಕಪ್ಪಗೆ ಕಾಣುತ್ತದೆ, ನೊರೆಯೋ ಕಲಕಿದ ಮರಳೋ ದಡದಿಂದ ಆಚೆಗೆ ಸಾಗುತ್ತಿರುತ್ತದೆ. ಕಲ್ಲು ಸುರಿದು ಕಟ್ಟಿದ ತಡೆಗೋಡೆಗಳ ಪಕ್ಕದಲ್ಲೂ ಇದು ಹೆಚ್ಚು. ಇಂಥ ಸೆಳವು ಜೋರಿದ್ದಾಗ ಸೆಕೆಂಡಿಗೆ 2 ಮೀಟರ್ ದಾಟುವುದುಂಟು, ಒಲಿಂಪಿಕ್ಸ್ ಈಜುಗಾರನೂ ಅದಕ್ಕೆ ಎದುರು ಈಜಿ ದಡ ಸೇರಲಾರ. ಆದರೆ ಅದು ಕೆಳಕ್ಕೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ಜನ ಸಾಯುವುದು ಎದುರು ಈಜಿ ಸುಸ್ತಾಗಿ. ಸಿಕ್ಕಿಕೊಂಡರೆ ತೇಲಬೇಕು, ಕೈ ಎತ್ತಿ ಬೀಸಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆ ಮುರಿಯುವ ಕಡೆಯಿಂದ ಹೊರಬರಬೇಕು.

ಇನ್ನೊಂದು ವಿಷಯ ಚೆನ್ನೈ ಕಡಲಿಗೇ ಸೇರಿದ್ದು. ನವೆಂಬರಿನಿಂದ ಫೆಬ್ರವರಿಯವರೆಗೆ ಇಲ್ಲಿ ದಡದುದ್ದಕ್ಕೂ ನೀರು ದಕ್ಷಿಣಕ್ಕೆ ಹರಿಯುತ್ತದೆ, ವರ್ಷದ ಉಳಿದ ತಿಂಗಳುಗಳಲ್ಲಿ ಹೆಚ್ಚಾಗಿ ಉತ್ತರಕ್ಕೆ. ಸರಿಯಾದ ಜಾಗದಲ್ಲೇ ಇಳಿದು ಹತ್ತು ನಿಮಿಷ ಆಡಿದರೂ ಗೊತ್ತಿಲ್ಲದೆ ಪಕ್ಕದ ಸಂದಿಗೆ ಬಂದಿರುತ್ತೀರಿ. ದಡದಲ್ಲಿ ಒಂದು ಗುರುತು ಇಟ್ಟುಕೊಂಡು ಆಗಾಗ ತಿರುಗಿ ನೋಡುವುದು ಇದಕ್ಕೇ.

ಬೆಸೆಂಟ್ ನಗರದ ಬೀಚಿನಲ್ಲಿ ಮರಳಿನ ಮೇಲೆ ಒಂದು ಬಿಳಿಯ ಕಮಾನು ಇದೆಯಲ್ಲ, ಅದರ ನೆರಳಿನಲ್ಲಿ ನಾನು ಎಷ್ಟು ಸಂಜೆ ಕೂತಿದ್ದೇನೋ ಲೆಕ್ಕವಿಲ್ಲ. ಅದು ಕಾರ್ಲ್ ಶ್ಮಿಟ್ ಎಂಬ ಡೆನ್ಮಾರ್ಕಿನ ನಾವಿಕನ ಸ್ಮಾರಕ. 1930ರ ಡಿಸೆಂಬರ್ 30ರಂದು, ಮುಳುಗುತ್ತಿದ್ದವರ ನೆರವಿಗೆಂದು ಹೋಗಿ ಆತ ಅಲ್ಲೇ ತೀರಿಕೊಂಡ. ಈ ಘಟನೆಯಾದ ವಾರ ಹೋಗಿ ಅಲ್ಲಿನ ಕಲ್ಲನ್ನು ಮೊದಲ ಬಾರಿ ಗಮನವಿಟ್ಟು ಓದಿದೆ. ಕಡಲನ್ನೇ ಬದುಕು ಮಾಡಿಕೊಂಡವನ ಗತಿಯೇ ಹಾಗಾಯಿತು. ಆ ಮೀನುಗಾರರು ನನ್ನ ಅಂಗಿ ಹಿಡಿಯದಿದ್ದರೆ ನಮ್ಮ ಮನೆಯಲ್ಲಿ ಒಂದಲ್ಲ, ಎರಡು ಸಾವು. ಹಾಗಾಗಿ ಬರಿಗೈಯಲ್ಲಿ ಧುಮುಕಬೇಡಿ. ತೇಲುವ ಏನನ್ನಾದರೂ ಎಸೆಯಿರಿ: ಮುಚ್ಚಳ ಬಿಗಿದ ಖಾಲಿ ಕ್ಯಾನ್, ಟ್ಯೂಬ್, ಥರ್ಮೋಕೋಲ್ ಪೆಟ್ಟಿಗೆ. ಒಬ್ಬರು 112ಕ್ಕೆ ಫೋನ್ ಮಾಡಲಿ. ಕರಾವಳಿ ಪೊಲೀಸರ ಸಂಖ್ಯೆ 1093, ಕೋಸ್ಟ್ ಗಾರ್ಡ್‌ನದು 1554. ಇವು ನನ್ನ ಫೋನಿನಲ್ಲಿರಲಿಲ್ಲ.

ದಡಕ್ಕೆ ಬಂದ ಮೇಲೆ ಇನ್ನೊಂದು ಅನಾಹುತ ತಪ್ಪಿತು. ಹುಡುಗನಿಗೆ ಪ್ರಜ್ಞೆಯಿತ್ತು, ಕೆಮ್ಮುತ್ತಿದ್ದ. ಸೇರಿದ ಜನರಲ್ಲಿ ಒಬ್ಬರು ಹೊಟ್ಟೆ ಅದುಮಿ ನೀರು ತೆಗೆಯಿರಿ ಅಂದರು. ನಮ್ಮೂರಲ್ಲೂ ಹೀಗೇ, ಮುಳುಗಿದವರನ್ನು ತಲೆಕೆಳಗು ಮಾಡಿ ತಿರುಗಿಸುವುದನ್ನು ಭಾವ ನೋಡಿದ್ದರು, ಅವರೂ ಮುಂದಾದರು. ಅದೃಷ್ಟಕ್ಕೆ ನನ್ನ ಹೆಂಡತಿ ಬಿಡಲಿಲ್ಲ, ಎಡಮಗ್ಗುಲಿಗೆ ಮಲಗಿಸಿ ಬಟ್ಟೆ ಹೊದಿಸಿದಳು. ಹೊಟ್ಟೆ ಅದುಮಿದರೆ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಹೋಗಬಹುದು ಎಂದು ಆಮೇಲೆ ವೈದ್ಯರು ಹೇಳಿದರು. ಉಸಿರೇ ಇಲ್ಲದಿದ್ದರೆ ಬೇಕಾದದ್ದು ಬಾಯಿಂದ ಬಾಯಿಗೆ ಉಸಿರು ಮತ್ತು ಎದೆ ಒತ್ತುವುದು. ಹುಡುಗ "ನಾನು ಚೆನ್ನಾಗಿದ್ದೀನಿ ಮಾಮ, ಮನೆಗೆ ಹೋಗೋಣ" ಅನ್ನುತ್ತಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಾತ್ರಿ ಎಂಟಕ್ಕೆ ಕೆಮ್ಮು ಹೆಚ್ಚಾಗಿ ಆಮ್ಲಜನಕ ಕೊಡಬೇಕಾಯಿತು, ಎರಡು ದಿನ ಅಲ್ಲೇ ಇದ್ದ. ಮನೆಗೆ ಹೋಗಿ ಮಲಗಿಸಿದ್ದರೆ ಏನಾಗುತ್ತಿತ್ತೋ ಯೋಚಿಸಲಾರೆ. ನೀರು ಕುಡಿದು ಬದುಕಿದವರು ನಗುತ್ತಿದ್ದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಗಾದರೆ ಚೆನ್ನೈ ಸುತ್ತ ಎಲ್ಲಿಗೆ ಹೋಗುವುದು? ಮರೀನಾ ನೋಡಲು, ನಡೆಯಲು ಚೆನ್ನ, ಈಜಲು ಅಲ್ಲ. ಅಲ್ಲಿ ಈಜಿಗೆ ನಿಷೇಧವೇ ಇದೆ. ಬೆಸೆಂಟ್ ನಗರದ ಮಾತು ಮೇಲೆ ಆಗಿದೆ. ಮಹಾಬಲಿಪುರದಲ್ಲಿ ಕಡಲ ದೇಗುಲದ ಹಿಂದೆ ಬಂಡೆಗಳಿವೆ, ದೇವಸ್ಥಾನ ನೋಡಿ ಬನ್ನಿ, ನೀರಿಗೆ ಬೇಡ. ನನಗೆ ಸ್ವಲ್ಪ ಧೈರ್ಯ ಬಂದಿರುವುದು ಇದೇ ಇಸಿಆರ್ ರಸ್ತೆಯ ಕೋವಳಂ ಒಂದರ ಬಗ್ಗೆ (ಕೇರಳದ ಕೋವಳಂ ಅಲ್ಲ). ತಿರುವಾನ್ಮಿಯೂರಿನಿಂದ ಹೆಚ್ಚುಕಡಿಮೆ ಮುಕ್ಕಾಲು ಗಂಟೆ. 2021ರಲ್ಲಿ ಅದಕ್ಕೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛತೆ, ಸುರಕ್ಷತೆ ನೋಡಿ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನಮ್ಮ ಪಡುಬಿದ್ರಿ, ಕಾಸರಕೋಡಿಗೆ 2020ರಲ್ಲಿ ಸಿಕ್ಕಿತಲ್ಲ, ಅದೇ. ಆ ಮಾನ್ಯತೆಗೆ ಜೀವರಕ್ಷಕರು ಇಲ್ಲವೇ ಜೀವರಕ್ಷಣೆಯ ಸಲಕರಣೆ ಇರಬೇಕೆಂಬ ನಿಯಮವಿದೆ. ಹಾಗೆಂದು ಆ ಬಾವುಟ ಹಾರುತ್ತಿದೆ ಅಂದಮಾತ್ರಕ್ಕೆ ಆವತ್ತಿನ ಕಡಲು ಸೌಮ್ಯವಾಗಿದೆ ಅಂತಲ್ಲ. ಜೀವರಕ್ಷಕರನ್ನು ಕಣ್ಣಾರೆ ನೋಡಿ, ಮಾತಾಡಿಸಿ, ಅವರು ಗುರುತು ಮಾಡಿದ ಜಾಗದಲ್ಲೇ ಇಳಿಯಿರಿ. ಕೆಂಪು ಬಾವುಟವಿದ್ದರೆ ಕಾರು ತಿರುಗಿಸಿ. ಈಶಾನ್ಯ ಮಾರುತದ ಅಕ್ಟೋಬರ್‌ನಿಂದ ಡಿಸೆಂಬರ್ ತಿಂಗಳುಗಳಲ್ಲಿ ಈ ಯೋಚನೆಯನ್ನೇ ಬಿಡಿ. ಜನವರಿ ಬಂತು, ಮಳೆ ನಿಂತಿತು ಎಂದು ನಾವು ಮೋಸಹೋದೆವು. ಬೇಸಿಗೆಯಲ್ಲೂ ದೂರದ ದಕ್ಷಿಣ ಸಾಗರದಲ್ಲೆದ್ದ ಉಬ್ಬರದಲೆ ಸ್ವಚ್ಛ ಆಕಾಶದ ದಿನವೇ ನುಗ್ಗುವುದುಂಟು, ಮಲಯಾಳಿಗಳು ಅದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಕಡಲಿನ ಸ್ಥಿತಿಗತಿ ತಿಳಿಸುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯ್ಸ್ (INCOIS), ಇದರ ಮುನ್ಸೂಚನೆ ಕೊಡುತ್ತದೆ. ಹೊರಡುವ ಮುಂಚೆ ನೋಡಿ.

ಕೊನೆಯದಾಗಿ ಆ ಬಾಡಿಗೆ ಮನೆ. ಮಾಲೀಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ದುಡ್ಡು ಕೇಳಲಿಲ್ಲ. ಈಜಬಹುದು ಅನ್ನುವ ಸಾಲು ತೆಗೆಯಿರಿ, ವರಾಂಡದಲ್ಲಿ ಹಗ್ಗ ಕಟ್ಟಿದ ಒಂದು ಟ್ಯೂಬ್ ಇಡಿ, ಅಷ್ಟೇ ಕೇಳಿದ್ದು. ನೋಡೋಣ ಅಂದರು. ನಿನ್ನೆ ರಾತ್ರಿ ಮತ್ತೆ ತೆರೆದು ನೋಡಿದೆ. ಸಾಲು ಹಾಗೇ ಇದೆ. ಹೊಸದಾಗಿ ಒಂದು ಫೋಟೋ ಸೇರಿಸಿದ್ದಾರೆ: ಮೊಣಕಾಲು ನೀರಿನಲ್ಲಿ ಇಬ್ಬರು ಸಣ್ಣ ಮಕ್ಕಳು, ಅವರ ಹಿಂದೆ ಅಲೆಯಿಲ್ಲದ ಅದೇ ಕಪ್ಪು ಪಟ್ಟಿ.