21 ಸಾವಿರ ಓಡಿರೋದಾ, 68 ಸಾವಿರ ಓಡಿರೋದಾ? ಮೂರು ಸೆಕೆಂಡ್ ಹ್ಯಾಂಡ್ ಕಾರ್ ಓಡ್ಸಿ ನೋಡಿದ ಲೆಕ್ಕ

ಏಳು ವರ್ಷದ ಗಾಡಿ, ಮೀಟರಲ್ಲಿ 21,400 ಕಿಮೀ. ಜಾಹೀರಾತಲ್ಲಿ ಇದನ್ನ ನೋಡಿದ ತಕ್ಷಣ ನಮ್ಮ ಮನೆಯವಳು "ಇದೇ ಸಾಕು ಬಿಡಿ, ಹೊಸ ಗಾಡಿ ಇದ್ದಂಗೇ ಇದೆ" ಅಂದ್ಬಿಟ್ಲು, ನನಗೂ ಒಳಗೊಳಗೇ ಹಾಗೇ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಕೇಳ್ತಿದ್ದ ರೇಟು ನೋಡಿದ್ರೆ ಮೂಗಿಗಿಂತ ಮೂಗುತಿ ಭಾರ ಅನ್ನೋ ಹಾಗಿತ್ತು. ಅದಕ್ಕೇ ಅದೊಂದನ್ನೇ ನೋಡಿ ತಗೊಳ್ಳೋದು ಬೇಡ ಅಂತ ಅದೇ ಮಾಡೆಲ್ಲಿನ ಇನ್ನೆರಡು ಗಾಡಿ ಹುಡುಕಿ, ಮೂರನ್ನೂ ಓಡ್ಸಿ, ಮೂರಕ್ಕೂ ಒಬ್ಬನೇ ಮೆಕ್ಯಾನಿಕ್ಕನ್ನ ಕರ್ಕೊಂಡೋಗಿ ತೋರ್ಸಿದೆ. ಐದು ವಾರ ಹಿಡೀತು.

ಮೂರೂ 1.5 ಲೀಟರ್ ಪೆಟ್ರೋಲ್, ಮ್ಯಾನ್ಯುಯಲ್ ಗೇರು, ಐದು ಜನ ಆರಾಮಾಗಿ ಕೂರೋ ಫ್ಯಾಮಿಲಿ ಗಾಡಿ. ದುಡ್ಡಿನ ಲೆಕ್ಕ ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಎರಡನೇ ಗಾಡಿ ರೇಟನ್ನ 100 ಅಂತ ಇಟ್ಕೊಂಡು ಉಳಿದದ್ದೆಲ್ಲ ಅದಕ್ಕೆ ಹೋಲ್ಸಿ ಹೇಳ್ತೀನಿ. ಮೊದಲನೇದು, 7 ವರ್ಷ, 21,400 ಕಿಮೀ, ಕೇಳಿದ್ದು 118. ಎರಡನೇದು 5 ವರ್ಷ, 67,800 ಕಿಮೀ, 100. ಮೂರನೇದು 4 ವರ್ಷ, 28,300 ಕಿಮೀ, 112.

ಮೂರನೇದನ್ನ ಮೊದಲು ಮುಗಿಸಿಬಿಡ್ತೀನಿ, ಯಾಕಂದ್ರೆ ಅದು ಸ್ಪರ್ಧೆಲೇ ಇರ್ಲಿಲ್ಲ. ಪೇಪರ್ ಮೇಲೆ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು, ಹೊಸದು, ಕಮ್ಮಿ ಓಡಿದೆ, ಒಳಗೆ ಪಾಲಿಶ್ ವಾಸನೆ ಘಮ್ ಅಂತಿತ್ತು. ಕೂತು ನೋಡಿದ್ರೆ ಬ್ರೇಕ್ ಪೆಡಲ್ ರಬ್ಬರ್ ಹೊಚ್ಚ ಹೊಸದು, ಪಕ್ಕದ ಕ್ಲಚ್ ಪೆಡಲ್ಲಿಂದು ಒಂದು ಮೂಲೆ ಸವೆದು ಕಬ್ಬಿಣ ಕಾಣ್ತಿದೆ. ಗೇರ್ ನಾಬ್ ಮೇಲಿನ ನಂಬರ್ರು ಅಳಿಸಿಹೋಗಿದೆ. ಟೈರ್ ತಾರೀಖು ನೋಡಿದ್ರೆ ಗಾಡಿಗಿಂತ ಎರಡು ವರ್ಷ ಚಿಕ್ಕದು, ನಾಲ್ಕೂ. 28 ಸಾವಿರಕ್ಕೇ ನಾಲ್ಕು ಟೈರ್ ಯಾಕೆ ಬದಲಾಯ್ಸಿದ್ರಿ ಅಂದ್ರೆ ಡೀಲರ್ ಕಡೆಯೋನು "ಪಂಕ್ಚರ್ ಜಾಸ್ತಿ ಆಗ್ತಿತ್ತು ಸರ್" ಅಂದ. ನಾಲ್ಕಕ್ಕೂನಾ ಮಾರಾಯಾ. ಸರ್ವೀಸ್ ದಾಖಲೆಲಿ ಎರಡನೇ ವರ್ಷಕ್ಕೆ 26,100 ಅಂತಿದೆ, ಅಲ್ಲಿಂದ ಮುಂದೆ ಎರಡು ವರ್ಷ ಒಂದು ಎಂಟ್ರಿನೂ ಇಲ್ಲ, ಅಂದ್ರೆ ಮೊದಲೆರಡು ವರ್ಷ ಓಡ್ಸಿದ್ದೇ ಓಡ್ಸಿದ್ದು, ಆಮೇಲೆ ಎರಡು ವರ್ಷದಲ್ಲಿ ಬರೀ 2,200 ಕಿಮೀ. ಆದ್ರೂ ಇವೆಲ್ಲ ಅನುಮಾನ ಅಷ್ಟೆ ಅಂತ ನನ್ನ ಹತ್ರ ಇದ್ದ, ಗಾಡಿ ಕಂಪ್ಯೂಟರಲ್ಲಿರೋದನ್ನ ಓದೋ ಬ್ಲೂಟೂತ್ ಒಬಿಡಿ ರೀಡರನ್ನ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದೆ. ಅದರಲ್ಲಿ ಜನ ಗಮನಿಸದೇ ಇರೋ ಒಂದು ಅಂಕಿ ಬರುತ್ತೆ, ಫಾಲ್ಟ್ ಕೋಡ್ (ಗಾಡಿ ತನ್ನ ತೊಂದರೆನ ಬರೆದಿಟ್ಕೊಳ್ಳೋ ನಂಬರ್ರು) ಕೊನೇ ಸಲ ಕ್ಲಿಯರ್ ಮಾಡಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಅಂತ. ಅದು 43,900 ಕಿಮೀ ತೋರಿಸ್ತು! ಒಟ್ಟು ಓಡಿರೋದೇ 28,300, ಕೋಡ್ ಕ್ಲಿಯರ್ ಆದ್ಮೇಲೆ 43,900, ಮಗ ಅಪ್ಪನಿಗಿಂತ ದೊಡ್ಡೋನಾದ ಹಾಗೆ. ಮೀಟರ್ ತಿರುಗಿಸೋರು ಡ್ಯಾಶ್‌ಬೋರ್ಡ್ ನಂಬರ್ ಬದಲಾಯಿಸ್ತಾರೆ, ಎಂಜಿನ್ ಕಂಪ್ಯೂಟರಲ್ಲಿ ಕೂತಿರೋದನ್ನ ಮರೀತಾರೆ. (ಈ ಅಂಕಿ 65,535ರ ಆಚೆ ಹೋಗಲ್ಲ, ಯಾರಾದ್ರೂ ಕೋಡ್ ಕ್ಲಿಯರ್ ಮಾಡಿದ್ರೆ ಸೊನ್ನೆಗೆ ಬರುತ್ತೆ, ಆದ್ರಿಂದ ಕಮ್ಮಿ ತೋರ್ಸಿದ್ರೆ ಗಾಡಿ ಸಾಚಾ ಅಂತ ಅಲ್ಲ. ಜಾಸ್ತಿ ತೋರ್ಸಿದ್ರೆ ಮಾತ್ರ ಕಳ್ಳ ಸಿಕ್ಕಿಬಿದ್ದ.) ಬಣ್ಣದ ದಪ್ಪ ಅಳೆಯೋ ಪೇಂಟ್ ಗೇಜ್ ಇಟ್ರೆ ಎಲ್ಲಾ ಕಡೆ 110, 120 ಮೈಕ್ರಾನ್, ಬಲಗಡೆ ಹಿಂದಿನ ಬಾಗಿಲು ಮಾತ್ರ 480, ಅಂದ್ರೆ ಬಣ್ಣದ ಕೆಳಗೆ ಪುಟ್ಟಿ. ಏನೂ ಮಾತಾಡದೆ ಬೀಗದ ಕೈ ವಾಪಸ್ ಕೊಟ್ಟು ಬಂದ್ವಿ.

ಈಗ ಮೊದಲನೇದು. ಇದರಲ್ಲಿ ಮೋಸ ಏನೂ ಇರ್ಲಿಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ರಿಟೈರ್ ಆಗಿರೋ ಯಜಮಾನ್ರು, ಒಬ್ರೇ ಓನರ್ರು, ಹಿಂದಿನ ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ಇನ್ನೂ ತೆಗೆದಿರ್ಲಿಲ್ಲ. ಡ್ರೈವರ್ ಸೀಟಿನ ಅಂಚು ಗಟ್ಟಿ, ಸ್ಟೀರಿಂಗ್ ಮೇಲೆ ಕೈ ಉಜ್ಜಿ ಬರೋ ಹೊಳಪಿಲ್ಲ, ಪೆಡಲ್ ರಬ್ಬರ್ ಎಲ್ಲಾ ಗೆರೆ ಗೆರೆಯಾಗಿ ಹಾಗೇ ಇದೆ. 21 ಸಾವಿರ ಅನ್ನೋದು ಪಕ್ಕಾ.

ಆದ್ರೆ ಲೆಕ್ಕ ಹಾಕಿ ನೋಡಿ, 7 ವರ್ಷಕ್ಕೆ 21,400 ಅಂದ್ರೆ ದಿನಕ್ಕೆ 8 ಕಿಮೀ ಚಿಲ್ಲರೆ. ಅದೂ ಹೋಗ್ತಾ ನಾಲ್ಕು ಬರ್ತಾ ನಾಲ್ಕು. ನಾಲ್ಕು ಕಿಮೀಗೆ ಎಂಜಿನ್ ಆಯಿಲ್ಲು ಸರಿಯಾಗಿ ಬಿಸಿ ಆಗಲ್ಲ, ಒಳಗೆ ಕಟ್ಟಿದ ನೀರಿನ ಪಸೆ, ಸುಡದೆ ಉಳಿದ ಪೆಟ್ರೋಲು ಆವಿಯಾಗಿ ಹೋಗೋಕೆ ಪುರುಸೊತ್ತೇ ಸಿಗಲ್ಲ, ಅಲ್ಲೇ ಆಯಿಲ್ಲಲ್ಲೇ ಸೇರ್ಕೊಳ್ಳುತ್ತೆ. ಮೆಕ್ಯಾನಿಕ್ ಅಣ್ಣ ಆಯಿಲ್ ಕ್ಯಾಪ್ ಬಿಚ್ಚಿ ತಿರುಗಿಸಿ ನನ್ನ ಮುಖದ ಮುಂದೆ ಹಿಡಿದ, ಒಳಗಡೆ ಹಳದಿ ಬಿಳಿ ನೊರೆ ಅಂಟ್ಕೊಂಡಿತ್ತು, ಬೆರಳಲ್ಲಿ ತೆಗೆದ್ರೆ ಕ್ರೀಮ್ ಹಾಗೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಆಯಿಲ್ಲೂ ಎಂಜಿನ್ ತಣ್ಣಗಿಡೋ ಕೂಲೆಂಟೂ ಬೆರೆಯದ ಹಾಗೆ ತಡೆಯೋ ಸೀಲು) ಹೋಗಿದ್ರೂ ಹೀಗೆ ಬರುತ್ತೆ, ಅದಕ್ಕೆ ಆಯಿಲ್ ಮಟ್ಟ ನೋಡೋ ಡಿಪ್‌ಸ್ಟಿಕ್ಕೂ ಕೂಲೆಂಟೂ ನೋಡಿದ್ವಿ, ಡಿಪ್‌ಸ್ಟಿಕ್ಕಲ್ಲಿ ನೊರೆ ಇಲ್ಲ, ಕೂಲೆಂಟಲ್ಲಿ ಆಯಿಲ್ ಇಲ್ಲ, ಅಂದ್ರೆ ಇದು ಬರೀ ಹತ್ತಿರದ ಓಡಾಟದ ಕರ್ಮ. ಬಾನೆಟ್ ಒಳಗಿನ ಸ್ಟಿಕ್ಕರ್ ನೋಡಿದ್ರೆ ಆಯಿಲ್ ಬದಲಾಯ್ಸಿ 22 ತಿಂಗಳಾಗಿತ್ತು. ಕೇಳಿದ್ರೆ ಯಜಮಾನ್ರು ಪಾಪ ಬಹಳ ಪ್ರಾಮಾಣಿಕವಾಗಿ, "ಹತ್ತು ಸಾವಿರಕ್ಕೆ ಚೇಂಜ್ ಅಂತ ಬುಕ್ಕಲ್ಲಿದೆ, ಇನ್ನೂ ಐದು ಸಾವಿರ ಚಿಲ್ಲರೆ ಆಗಿದೆ ಅಷ್ಟೆ, ಸುಮ್ನೆ ಯಾಕೆ ದಂಡ" ಅಂದ್ರು. ಅದೇ ಬುಕ್ಕಲ್ಲಿ ಅದೇ ಸಾಲಲ್ಲಿ "ಅಥವಾ 12 ತಿಂಗಳು, ಯಾವುದು ಮೊದಲೋ ಅದು" ಅಂತಾನೂ ಇದೆ. ಕಮ್ಮಿ ಓಡಿಸೋರ ಹತ್ರ ಈ ಅರ್ಧ ಸಾಲು ಮಂಗಮಾಯ ಆಗಿರುತ್ತೆ, ನಾನು ಎಷ್ಟೋ ಕಡೆ ನೋಡಿದೀನಿ.

ಟೈರು. ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕಿ 3118, ಅಂದ್ರೆ 2018ರ 31ನೇ ವಾರದಲ್ಲಿ ತಯಾರಾಗಿದ್ದು. ಟೈರ್ ಮೇಲಿನ ಗೆರೆಗಳ ಆಳ ಇನ್ನೂ 5.5 ಮಿಮೀ ಇದೆ, ಹೊಸದರಲ್ಲಿ ಸುಮಾರು 8 ಇರುತ್ತೆ, ಆ ಲೆಕ್ಕದಲ್ಲಿ ಇನ್ನೂ ಎಷ್ಟೋ ಓಡಬಹುದು. ಆದ್ರೆ ಸೈಡ್‌ವಾಲ್ ಮೇಲೆ ಉಗುರು ಒತ್ತಿ ಬಗ್ಗಿ ನೋಡಿದ್ರೆ ಕೂದಲೆಳೆಯಷ್ಟು ಸಣ್ಣ ಬಿರುಕು, ಸುತ್ತಲೂ. ಸವೆದಿಲ್ಲ, ಮುದಿ ಆಗಿದೆ. ಓಡ್ಸುವಾಗ ಮೊದಲ ನಾಲ್ಕೈದು ಕಿಮೀ ಸ್ಟೀರಿಂಗಲ್ಲಿ ನಡುಕ, ಆಮೇಲೆ ತಾನಾಗೇ ಹೋಯ್ತು, ನಿಂತು ನಿಂತು ಟೈರ್ ಒಂದು ಕಡೆ ಚಪ್ಪಟೆ ಆಗಿರೋದು, ಬಿಸಿ ಆದ್ಮೇಲೆ ಸರಿಯಾಯ್ತು. ಬ್ರೇಕ್ ಡಿಸ್ಕಿನ ಅಂಚಲ್ಲಿ ತುಕ್ಕಿನ ಬಳೆ. ಬ್ರೇಕ್ ಆಯಿಲ್ಲು ಗಾಳಿಯಲ್ಲಿನ ತೇವ ಹೀರ್ಕೊಳ್ಳುತ್ತೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಸಲ ಬದಲಾಯಿಸ್ಬೇಕು, ಇದರಲ್ಲಿ ಕಂಪನಿಯಿಂದ ಬಂದದ್ದೇ ಇತ್ತು. ಪಿಸ್ಟನ್ನೂ ವಾಲ್ವೂ ತಾಳ ತಪ್ಪದ ಹಾಗೆ ಹಿಡಿಯೋ ಟೈಮಿಂಗ್ ಬೆಲ್ಟ್ ಈ ಎಂಜಿನ್ನಿಗೆ 60 ಸಾವಿರ ಕಿಮೀ ಅಥವಾ 6 ವರ್ಷ. ಅದೂ ಮುಟ್ಟಿಲ್ಲ. ಇದು ಹುಡುಗಾಟ ಅಲ್ಲ, ಬೆಲ್ಟ್ ಕಿತ್ಕೊಂಡ್ರೆ ಈ ತರದ ಎಂಜಿನ್ನಲ್ಲಿ ಪಿಸ್ಟನ್ನು ವಾಲ್ವಿಗೆ ಹೊಡೆದು ಅರ್ಧ ಎಂಜಿನ್ನೇ ಬಿಚ್ಬೇಕಾಗುತ್ತೆ.

ಒಂದು ವಿಷಯ ಮರ್ತೆ. ಗಾಡಿ ನೋಡೋಕೆ ಹೋಗೋ ಮುಂಚೆ ಫೋನಲ್ಲೇ "ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ" ಅಂತ ಹೇಳಿರ್ತೀನಿ, ತಣ್ಣಗಿರೋ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತೆ ಅಂತ ನೋಡೋಕೆ, ಹೋದ ತಕ್ಷಣ ಮೊದಲ ಕೆಲ್ಸ ಬಾನೆಟ್ ಮೇಲೆ ಕೈ ಇಡೋದು. ಯಜಮಾನ್ರ ಗಾಡಿ ಬೆಚ್ಚಗಿತ್ತು. ಮೋಸಕ್ಕಲ್ಲ, ತೊಳೆದು ಒರೆಸಿ ಒಂದು ರೌಂಡ್ ಹಾಕಿ ಬಂದಿದ್ರಂತೆ, ಅತಿಥಿ ಬರ್ತಾರೆ ಅಂತ ಮನೆ ಗುಡಿಸಿದ ಹಾಗೆ! ಅದಕ್ಕೆ ಮಾರನೇ ದಿನ ಬೆಳಿಗ್ಗೆ ಮತ್ತೆ ಹೋದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರೆ ಬ್ಯಾಟರಿ ಒಂದು ಸಲ ನರಳಿ ಆಮೇಲೆ ಎತ್ಕೊಳ್ತು.

ಎರಡನೇ ಗಾಡಿ ನೋಡೋಕೆ ಅಷ್ಟೇನೂ ಚಂದ ಇರ್ಲಿಲ್ಲ. ಮುಂದಿನ ಬಂಪರ್ ಮೇಲೆ ಸಣ್ಣ ಕಲ್ಲು ಹೊಡೆದ ಚುಕ್ಕಿ ನೂರಾರು, ಗ್ಲಾಸ್ ಮೇಲೆ ವೈಪರ್ ಗೆರೆ, ಡ್ರೈವರ್ ಸೀಟಿನ ಬಲಗಡೆ ಅಂಚು ಕುಗ್ಗಿದೆ. ಓನರ್ರು ಕೆಲಸದ ಮೇಲೆ ವಾರಕ್ಕೆರಡು ಸಲ ಹೈವೇಲಿ ದೂರ ಹೋಗಿ ಬರೋರು. ಆದ್ರೆ ಒಂದು ಫೈಲ್ ತಂದು ಕೈಗೆ ಕೊಟ್ರು, ಅದರಲ್ಲಿ ಪ್ರತಿ ಹತ್ತು ಸಾವಿರಕ್ಕೆ ಆಯಿಲ್, ಎರಡು ಸಲ ಬ್ರೇಕ್ ಆಯಿಲ್, 44 ಸಾವಿರಕ್ಕೆ ನಾಲ್ಕು ಟೈರ್, 60 ಸಾವಿರಕ್ಕೆ ಟೈಮಿಂಗ್ ಬೆಲ್ಟು ವಾಟರ್ ಪಂಪು ಎರಡೂ, ಬಿಲ್ಲು ಸಮೇತ. ತಣ್ಣಗಿದ್ದಾಗ ಅರ್ಧ ಸೆಕೆಂಡಲ್ಲಿ ಸ್ಟಾರ್ಟು. ಓಡ್ಸಿದ್ರೆ ಕ್ಲಚ್ ಸ್ವಲ್ಪ ಮೇಲಕ್ಕೆ ಹಿಡಿಯುತ್ತೆ, ಹಂಪ್ ಮೇಲೆ ಎಡಗಡೆ ಟಕ್ ಅನ್ನುತ್ತೆ. ಇವನ್ನ ಮುಚ್ಚಿಡೋಕೆ ಆಗಲ್ಲ, ಓಡಿರೋ ಗಾಡಿ ಅಂದ್ಮೇಲೆ ಇರೋದೇ.

ನನ್ನ ತಲೆ ತಿರುಗ್ಸಿದ್ದು ಮೆಕ್ಯಾನಿಕ್ ಅಣ್ಣನ ದೊಡ್ಡ ಸ್ಕ್ಯಾನರಲ್ಲಿ ಬಂದ ಎಂಜಿನ್ ಗಂಟೆ ಲೆಕ್ಕ. ಇದು ಎಲ್ಲಾ ಗಾಡಿಲೂ ಸಿಗಲ್ಲ, ಈ ಎಂಜಿನ್ನಲ್ಲಿ ಸಿಕ್ತು. ಮೊದಲನೇ ಗಾಡಿ ಎಂಜಿನ್ ಓಡಿರೋದು 1,190 ಗಂಟೆ. ಎರಡನೇದು 1,540 ಗಂಟೆ. ಭಾಗಿಸಿ ನೋಡಿದ್ರೆ ಮೊದಲನೇದರ ಸರಾಸರಿ ವೇಗ ಗಂಟೆಗೆ 18 ಕಿಮೀ, ಎರಡನೇದರದ್ದು 44. ಅಂದ್ರೆ ಕಿಲೋಮೀಟರಲ್ಲಿ ಮೂರು ಪಟ್ಟು ವ್ಯತ್ಯಾಸ ಕಾಣೋ ಗಾಡಿಗಳು ಎಂಜಿನ್ ತಿರುಗಿರೋ ಲೆಕ್ಕದಲ್ಲಿ ಸುಮಾರು ಕಾಲು ಭಾಗ ಮಾತ್ರ ಹಿಂದೆ ಮುಂದೆ, ಅದೂ ಒಂದು ತಣ್ಣಗಿರೋ ಎಂಜಿನ್ನಲ್ಲಿ ಟ್ರಾಫಿಕ್ಕಲ್ಲಿ ಹಳೇ ಆಯಿಲ್ಲಲ್ಲಿ, ಇನ್ನೊಂದು ಟಾಪ್ ಗೇರಲ್ಲಿ ಬಿಸಿಯಾಗಿ ಆರಾಮಾಗಿ. ಇದನ್ನ ನೋಡಿದ ಮೇಲೆ 21,400 ಅನ್ನೋ ನಂಬರಿಗೆ ನಾನು ಕೊಡ್ತಿದ್ದ ಮರ್ಯಾದೆ ಅರ್ಧಕ್ಕಿಳೀತು. ಪೂರ್ತಿ ಇಳೀಲಿಲ್ಲ, ಯಾಕಂದ್ರೆ ವೀಲ್ ಬೇರಿಂಗು, ಶಾಕ್ ಅಬ್ಸಾರ್ಬರ್ರು, ಬುಶ್ಶು (ಸಸ್ಪೆನ್ಶನ್ ಜೋಡಣೆಯ ರಬ್ಬರ್ರು), ಸೀಟು ಇವೆಲ್ಲ ಹೆಚ್ಚಾಗಿ ದೂರದ ಲೆಕ್ಕದಲ್ಲೇ ಸವೆಯೋದು, ಅದರಲ್ಲಿ ಮೊದಲನೇ ಗಾಡಿ ನಿಜವಾಗ್ಲೂ ಮುಂದಿತ್ತು. ಹಂಪ್ ಮೇಲೆ ಹೋದ್ರೆ ಒಂಚೂರೂ ಸದ್ದಿಲ್ಲ.

ಸರಿ, ದುಡ್ಡು. ಮೊದಲನೇದಕ್ಕೆ ತಗೊಂಡ ತಕ್ಷಣ ಮಾಡಿಸ್ಬೇಕಾದ್ದು, ಟೈರ್ 5, ಬೆಲ್ಟು ಪಂಪು 4, ಬ್ಯಾಟರಿ 1, ಎಲ್ಲಾ ಆಯಿಲ್ಲು ಕೂಲೆಂಟು ಬ್ರೇಕ್ ಕ್ಲೀನಿಂಗು ಸೇರಿ 2. ಒಟ್ಟು 12. ಅಂದ್ರೆ 118ರ ಗಾಡಿ ನನ್ನ ಕೈಗೆ ಬರೋ ಹೊತ್ತಿಗೆ 130. ಎರಡನೇದಕ್ಕೆ ಕ್ಲಚ್ 5, ಡಿಸ್ಕು ಪ್ಯಾಡು 3, ಮುಂದಿನ ಬುಶ್ ಲಿಂಕ್ ರಾಡ್ 2, ಒಟ್ಟು 10, ಅದೂ ಎಲ್ಲಾ ಇವತ್ತೇ ಆಗ್ಬೇಕು ಅಂತಿಲ್ಲ. 110. ಇಪ್ಪತ್ತು ಜಾಸ್ತಿ, ಅದೂ ಇದಕ್ಕಿಂತ ಎರಡು ವರ್ಷ ಹಳೇದಾದ ಗಾಡಿಗೆ!

ಈ ಪಟ್ಟಿನ ಯಜಮಾನ್ರ ಮುಂದಿಟ್ಟೆ, ಕೂತು ಓದಿದ್ರು, ಬೇಜಾರು ಮಾಡ್ಕೊಂಡ್ರು. "ನೀವು ಹೇಳೋದು ಕೇಳಿದ್ರೆ ಗಾಡಿ ಓಡಿಸದೇ ಇದ್ದಿದ್ದೇ ನನ್ನ ತಪ್ಪು ಅನ್ನೋ ಹಾಗಿದೆ" ಅಂದ್ರು. ನನಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. 112ಕ್ಕೆ ಇಳಿದ್ರು, ಅದರ ಕೆಳಗೆ ಆಗಲ್ಲ ಅಂದ್ರು.

112 ಪ್ಲಸ್ 12, 124. ಇನ್ನೂ 14 ಜಾಸ್ತಿ, ಆದ್ರೆ 46 ಸಾವಿರ ಕಿಮೀ ಕಮ್ಮಿ, ಮುಂದೆ ಮಾರುವಾಗ್ಲೂ ಕಮ್ಮಿ ಕಿಮೀಗೆ ಒಳ್ಳೇ ರೇಟ್ ಬರುತ್ತೆ, ಆ ಕಡೆ ನೋಡಿದ್ರೆ ತಪ್ಪು ರೇಟ್ ಅಂತ ಹೇಳೋಕಾಗಲ್ಲ. ಎರಡು ರಾತ್ರಿ ಇದೇ ಗುಂಗು. ಕೊನೆಗೆ ತಕ್ಕಡಿ ವಾಲಿಸಿದ್ದು ಎಂಜಿನ್ನೂ ಅಲ್ಲ ರೇಟೂ ಅಲ್ಲ. ಮೊದಲನೇದು ಫೇಸ್‌ಲಿಫ್ಟಿಗಿಂತ (ಅದೇ ಮಾಡೆಲ್ಲನ್ನ ಕಂಪನಿ ತಿದ್ದಿ ಮತ್ತೆ ಬಿಡೋದು) ಮುಂಚಿನದು, ಮುಂದೆ ಎರಡು ಏರ್‌ಬ್ಯಾಗ್, ಅಷ್ಟೇ. ಹಿಂದೆ ಮಧ್ಯದ ಸೀಟಿಗೆ ಸೊಂಟಕ್ಕೆ ಮಾತ್ರ ಬೆಲ್ಟು. ಎರಡನೇದಕ್ಕೆ ಆರು ಏರ್‌ಬ್ಯಾಗು, ಗಾಡಿ ಜಾರದ ಹಾಗೆ ಹಿಡಿಯೋ ಇಎಸ್‌ಸಿ, ಹಿಂದೆ ಮೂರಕ್ಕೂ ಹೆಗಲ ಮೇಲಿಂದ ಬರೋ ಬೆಲ್ಟು. ನಮ್ಮನೇಲಿ ಆ ಮಧ್ಯದ ಸೀಟಲ್ಲಿ ಕೂರೋದು ದೊಡ್ಡ ಮಗಳು, ಎರಡು ಕಡೆ ಅಮ್ಮ ಮತ್ತೆ ಚಿಕ್ಕೋನ ಚೈಲ್ಡ್ ಸೀಟು. ಇದನ್ನ ಹೇಳಿದ್ಮೇಲೆ ಮನೆಯವಳೂ ಪ್ಲಾಸ್ಟಿಕ್ ಕವರಿನ ಮೋಹ ಬಿಟ್ಲು.

ಎರಡನೇದು ತಗೊಂಡು ಏಳು ತಿಂಗಳಾಯ್ತು. ಕ್ಲಚ್ ಮೂರನೇ ತಿಂಗಳಿಗೇ ಹೋಯ್ತು, ನಾನು ಇನ್ನೊಂದು ವರ್ಷ ಬರುತ್ತೆ ಅಂದ್ಕೊಂಡಿದ್ದೆ. ಬುಶ್ ಬದಲಾಯ್ಸಿದ್ರೂ ಎಡಗಡೆ ಸದ್ದು ಪೂರ್ತಿ ಹೋಗಿಲ್ಲ, ಅಮ್ಮ ಪ್ರತಿ ಹಂಪಿಗೂ "ಮತ್ತೆ ಟಕ್ ಅಂತು ನೋಡೋ" ಅಂತಾರೆ, ಶಾಕ್ ಅಬ್ಸಾರ್ಬರ್ ಮೌಂಟ್ ಇರ್ಬಹುದು ಅಂತ ಮೆಕ್ಯಾನಿಕ್ ಅಣ್ಣನ ಅನುಮಾನ. ಆಯಿಲ್ ಮಾತ್ರ ಒಂದು ಚೂರೂ ಕುಡಿದಿಲ್ಲ.

ಹೋದ ವಾರ ಯಜಮಾನ್ರು ಫೋನ್ ಮಾಡಿದ್ರು. ಗಾಡಿ ಇನ್ನೂ ಅಲ್ಲೇ ಇದೆ, ನಾನು ಕೊಟ್ಟ ಪಟ್ಟಿ ನೋಡ್ಕೊಂಡು ನಾಲ್ಕು ಟೈರ್ ಹೊಸದು ಹಾಕ್ಸಿದಾರಂತೆ, ಆಯಿಲ್ಲೂ ಬದಲಾಯ್ಸಿದಾರಂತೆ, ಈಗ 103 ಅಂತಾರೆ. ಬೆಲ್ಟು ಬ್ಯಾಟರಿ ಸೇರ್ಸಿದ್ರೆ 108, ಆ ರೇಟಿಗೆ ಅವತ್ತೇ ಬಂದಿದ್ರೆ ನನಗೂ ಇನ್ನೆರಡು ರಾತ್ರಿ ನಿದ್ದೆ ಕೆಡ್ತಿತ್ತು. ನಮ್ಮ ತಂಗಿಗೆ ಗಾಡಿ ಬೇಕಿದೆ, ಅವಳದ್ದು ಒಬ್ಬನೇ ಮಗ, ಮಧ್ಯದ ಸೀಟಿನ ಕಥೆ ಇಲ್ಲ. ಭಾನುವಾರ ಬೆಳಿಗ್ಗೆ ಹೋಗ್ತಿದೀವಿ. ಈ ಸಲ ತೊಳೀಲೂ ಬೇಡಿ, ಸ್ಟಾರ್ಟೂ ಮಾಡ್ಬೇಡಿ ಅಂತ ಎರಡು ಸಲ ಹೇಳಿದೀನಿ.