ಹೊಸ ಇಂಜಿನ್ನೋ, ನೇರ ಹಾರಾಟವೋ, ಹಸಿರು ಇಂಧನವೋ?

ವಿಮಾನದ ಟಿಕೆಟ್ ತೆಗೆಯುವಾಗ ಇಂಗಾಲ ಕಡಿಮೆ ಮಾಡಲು ನಮ್ಮ ಕೈಲಿರುವ ದಾರಿಗಳು ಕೆಲವೇ. ಹೊಸ ತಲೆಮಾರಿನ ವಿಮಾನ ಆರಿಸಬಹುದು, ನಡುವೆ ಇಳಿಯದೆ ನೇರ ಹೋಗಬಹುದು, ಇಲ್ಲವೇ ‘ಹಸಿರು’ ಅಂತ ಹೆಚ್ಚುವರಿ ಹಣ ಕಟ್ಟಬಹುದು. ಮೂರನ್ನೂ ಮಾಡಿ ನೋಡಿದ್ದೇನೆ. ನನ್ನ ಪ್ರಕಾರ ಮೊದಲನೆಯದೇ ಮೇಲು.

ಹಳೆಯ ಏರ್‌ಬಸ್ ಎ320, ಹೊಸ ಎ320 ನಿಯೊ ಎರಡರಲ್ಲೂ ಕೂತಿದ್ದೇನೆ. ಒಳಗೆ ಅಂಥ ವ್ಯತ್ಯಾಸವೇನಿಲ್ಲ. ಆದರೆ ಕಿಟಕಿಯಿಂದ ಇಂಜಿನ್ ನೋಡಿ, ನಿಯೊದ್ದು ಎದ್ದು ಕಾಣುವಷ್ಟು ದಪ್ಪ. ಗುಟ್ಟು ಇರುವುದೇ ಅಲ್ಲಿ. ದೊಡ್ಡ ಫ್ಯಾನ್ ಜಾಸ್ತಿ ಗಾಳಿಯನ್ನು ಕಡಿಮೆ ವೇಗದಲ್ಲಿ ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಅಷ್ಟೇ ಬಲಕ್ಕೆ ಕಡಿಮೆ ಇಂಧನ ಸಾಕು. 2016ರಲ್ಲಿ ಸೇವೆಗೆ ಬಂದ ನಿಯೊ, ಹಳೆಯದಕ್ಕಿಂತ ಸುಮಾರು ಶೇ 15ರಷ್ಟು ಇಂಧನ ಉಳಿಸುತ್ತದೆ. ಒಂದು ಕಿಲೊ ವಿಮಾನ ಇಂಧನ ಉರಿದರೆ 3.16 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇದು ಸಣ್ಣ ಉಳಿತಾಯವಲ್ಲ, ಅಲ್ವಾ? ಮೇಲೇರುವಾಗ ಸದ್ದೂ ಕಡಿಮೆ. ರೆಕ್ಕೆಯ ತುದಿ ಮೇಲಕ್ಕೆ ಬಾಗಿದ್ದರೆ ನಿಯೊ ಎಂದುಕೊಳ್ಳಬೇಡಿ. ಹಳೆಯ ಎ320ಗಳಲ್ಲೂ ಹಲವಕ್ಕೆ ಅದಿದೆ. ಬುಕಿಂಗ್ ಪುಟದಲ್ಲಿ ವಿಮಾನದ ಮಾದರಿ ನೋಡಿಕೊಳ್ಳುವುದೇ ಸರಿ.

ನೇರ ಹಾರಾಟಕ್ಕೆ ಎರಡನೇ ಸ್ಥಾನ. ನೆಲದಿಂದ ಮೇಲೇರುವಾಗ ಇಂಜಿನ್ ತುಂಬ ಇಂಧನ ಕುಡಿಯುತ್ತದೆ. ಸುತ್ತು ದಾರಿಯಾದರೆ ಇನ್ನೂ ನಷ್ಟ. ಗೂಗಲ್ ಫ್ಲೈಟ್ಸ್ ತೋರಿಸುವ ಅಂದಾಜಿನಲ್ಲಿ ನಾನು ಹೋಲಿಸಿದಾಗೆಲ್ಲ ಬಹುತೇಕ ನೇರ ಹಾರಾಟವೇ ಗೆದ್ದಿದೆ. ತೀರಾ ದೂರದ ಪ್ರಯಾಣದಲ್ಲಿ ಮಾತ್ರ ಈ ಅಂತರ ಕರಗಬಹುದು. ಅಷ್ಟೂ ಇಂಧನ ಹೊತ್ತು ಹಾರುವುದಕ್ಕೇ ಇಂಧನ ಬೇಕಲ್ಲ.

ಇನ್ನು ಹೆಚ್ಚುವರಿ ಹಣ. ಗಿಡ ನೆಡುವ ಯೋಜನೆಗೂ ಕೊಟ್ಟೆ, ಸುಸ್ಥಿರ ಇಂಧನಕ್ಕೂ ಕೊಟ್ಟೆ. ಮೊದಲನೆಯದು ನನಗೆ ಒಪ್ಪಿಗೆಯಾಗಲಿಲ್ಲ. ಹೊಗೆ ಇವತ್ತೇ ಹೋಯಿತು, ಗಿಡ ಬೆಳೆಯಲು ವರ್ಷಗಳೇ ಬೇಕು. ಎರಡನೆಯದು ವಾಸಿ. ಬಳಸಿದ ಅಡುಗೆ ಎಣ್ಣೆಯಂಥದರಿಂದ ಮಾಡಿದ ಇಂಧನ ಇಂಜಿನ್‌ನಲ್ಲಿ ಮಾಮೂಲಿನಂತೆಯೇ ಉರಿಯುತ್ತದೆ, ಆದರೆ ತಯಾರಿಯಿಂದ ಉರಿಯುವವರೆಗಿನ ಪೂರ್ತಿ ಲೆಕ್ಕದಲ್ಲಿ ಇಂಗಾಲ ಶೇ 80ರವರೆಗೂ ಇಳಿಯಬಹುದು. ನಾವು ಹಣ ಕೊಟ್ಟ ಇಂಧನ ನಾವು ಕೂತ ವಿಮಾನಕ್ಕೇ ಹೋಗಬೇಕೆಂದಿಲ್ಲ, ಅದು ಪರವಾಗಿಲ್ಲ. ಕೊರತೆ ಇರುವುದು ಪ್ರಮಾಣದಲ್ಲಿ: ಜಗತ್ತಿನ ವಿಮಾನ ಇಂಧನದಲ್ಲಿ ಇದರ ಪಾಲು 2024ರಲ್ಲಿ ಶೇ 1ನ್ನೂ ಮುಟ್ಟಿರಲಿಲ್ಲ. ಯುರೋಪಿಯನ್ ಒಕ್ಕೂಟ 2025ರಿಂದ ಶೇ 2, 2030ರಿಂದ ಶೇ 6 ಬೆರೆಸಲೇಬೇಕು ಎಂದು ಕಾನೂನು ಮಾಡಿದೆ. ಇಷ್ಟಪಟ್ಟವರು ಕೊಡುವ ಹಣಕ್ಕಿಂತ ಇಂಥ ಕಡ್ಡಾಯದ ಮೇಲೇ ನನಗೆ ಜಾಸ್ತಿ ಭರವಸೆ.