ಮೊದಲು ಯಾವ ಸೀಸನ್ ನೋಡಬೇಕು: 2008ರ ಫ್ರೆಸ್ನೋ ಸ್ಟೇಟ್ ಅಥವಾ 2023ರ ಎಲ್‌ಎಸ್‌ಯು?

ಅಮೆರಿಕದ ಕಾಲೇಜು ಬೇಸ್‌ಬಾಲ್ ನಿಮಗೆ ಹೊಸದೇ? ಹಾಗಾದರೆ ಚಾಂಪಿಯನ್ ಆದ ಈ ಎರಡು ವಿಶ್ವವಿದ್ಯಾಲಯ ತಂಡಗಳಲ್ಲಿ ಒಂದರಿಂದ ಶುರು ಮಾಡಿ (ಎಲ್‌ಎಸ್‌ಯು ಅಂದರೆ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ). ಎರಡೂ ಕಥೆ ಮುಗಿಯುವುದು ರಾಷ್ಟ್ರೀಯ ಟೂರ್ನಿಯ ಕೊನೆಯ ಹಂತ ನಡೆಯುವ ಓಮಾಹಾ ನಗರದಲ್ಲೇ, ಮೂರರಲ್ಲಿ ಎರಡು ಗೆಲ್ಲಬೇಕಾದ ಫೈನಲ್ ಎರಡೂ ಸಲ ಮೂರನೇ ಪಂದ್ಯದವರೆಗೆ ಹೋಯಿತು.

ಯಾರೂ ಲೆಕ್ಕಕ್ಕಿಡದ ತಂಡ ಗೆಲ್ಲುವುದು ಇಷ್ಟವಾದರೆ ಫ್ರೆಸ್ನೋ. ರೀಜನಲ್‌ನಲ್ಲಿ (ಟೂರ್ನಿಯ ಮೊದಲ ಸುತ್ತು) ಕೊನೆಯ ಸೀಡ್, ಅಂದರೆ ಗುಂಪಿನಲ್ಲೇ ಅತಿ ಕೆಳಗಿನ ಶ್ರೇಯಾಂಕ; ಸೀಸನ್‌ನಲ್ಲಿ ಒಟ್ಟು 31 ಸೋಲು. ಜಾರ್ಜಿಯಾ ಎದುರು ಫೈನಲ್‌ನ ಮೊದಲ ಪಂದ್ಯ ಸೋತು, ಎರಡನೆಯದನ್ನು 19-10ರಲ್ಲಿ ಗೆದ್ದು, ಕೊನೆಯದರಲ್ಲಿ ಹೆಬ್ಬೆರಳಿನ ಲಿಗಮೆಂಟ್ ಹರಿದಿದ್ದ ಸ್ಟೀವ್ ಡೆಟ್‌ವೈಲರ್ ಎರಡು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದರು. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆಟದ ಮಟ್ಟ ಮುಖ್ಯವಾದರೆ ಎಲ್‌ಎಸ್‌ಯು. ಪಿಚಿಂಗ್‌ಗೆ (ಚೆಂಡೆಸೆತಕ್ಕೆ) ಪಾಲ್ ಸ್ಕೀನ್ಸ್, ಬ್ಯಾಟಿಂಗ್‌ಗೆ ಡಿಲನ್ ಕ್ರೂಸ್. ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವ ಆ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಇಬ್ಬರು ಅವರೇ. ಫೈನಲ್‌ನ ಎರಡನೇ ಪಂದ್ಯವನ್ನು ಫ್ಲೋರಿಡಾಗೆ 24-4ರಲ್ಲಿ ಸೋತ ಮರುದಿನವೇ ಮೂರನೆಯದನ್ನು 18-4ರಲ್ಲಿ ಗೆದ್ದರು.

ಸಮಯ ಕಡಿಮೆಯಿದ್ದರೆ ಎಲ್‌ಎಸ್‌ಯು ವೇಕ್ ಫಾರೆಸ್ಟನ್ನು (ಮಾಮೂಲಿ 9ರ ಬದಲು) 11 ಇನಿಂಗ್ಸ್‌ನಲ್ಲಿ 2-0ರಿಂದ ಸೋಲಿಸಿದ ಸೆಮಿಫೈನಲ್ ಒಂದನ್ನೇ ನೋಡಿ.